ಸೋಗಾನೆಯಿಂದ ದೇವನಹಳ್ಳಿಗೆ ಹದಿನೆಂಟು ನಿಮಿಷವೋ, ಒಂದು ಗಂಟೆಯೋ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು, ಅಡಿಕೆ ತೋಟ ಇದೆ. ನನಗೆ 61 ವರ್ಷ, ಯಜಮಾನರಿಗೆ 68. ಜುಲೈನಲ್ಲಿ ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೊರಟಿದ್ದೇವೆ. ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲೇ ಹೋಗಬೇಕೆಂದು ಆಸೆ. ಮಗ ಇಂಟರ್ನೆಟ್‌ನಲ್ಲಿ ಹುಡುಕಿದ. ಒಂದು ಕಡೆ ದೂರ 238 ಎಂದಿದೆ, ಇನ್ನೊಂದು ಕಡೆ 148, ಮತ್ತೊಂದು ಕಡೆ 129. ಹಾರಾಟದ ಸಮಯ ಒಂದರಲ್ಲಿ 18 ನಿಮಿಷ, ಒಂದರಲ್ಲಿ 48 ನಿಮಿಷ. ಆದರೆ ವಿಮಾನದ ವೇಳಾಪಟ್ಟಿಯಲ್ಲಿ ಶಿವಮೊಗ್ಗ ಬಿಡುವುದು 11.25, ಬೆಂಗಳೂರು ಮುಟ್ಟುವುದು 12.25. ವಾಪಸ್ ಬರುವಾಗ ಅಷ್ಟೇ ದೂರಕ್ಕೆ ಒಂದೂಕಾಲು ಗಂಟೆ ಹಾಕಿದ್ದಾರೆ. ಸಿಂಗಪುರಕ್ಕೆ ಮಧ್ಯಾಹ್ನ 4ಕ್ಕೆ ಒಂದು ವಿಮಾನ, ರಾತ್ರಿ 11ಕ್ಕೆ ಒಂದು ಸಿಗುತ್ತದೆ. ಅರ್ಧ ಗಂಟೆ ಹಾರಾಟಕ್ಕೆ ಯಾಕಮ್ಮ ಹತ್ತು ಗಂಟೆ ಕಾಯ್ತೀಯ, 4 ಗಂಟೆಯದ್ದು ಸಾಕು ಅಂತಾನೆ ಮಗ. ನನಗೆ ಧೈರ್ಯ ಸಾಲದು. ಕಳೆದ ಮಳೆಗಾಲದಲ್ಲಿ ನಮ್ಮ ಭಾವ ಬರುತ್ತಿದ್ದ ವಿಮಾನ ಶಿವಮೊಗ್ಗದ ಮೇಲೆ ಸುತ್ತು ಹೊಡೆದು ವಾಪಸ್ ಬೆಂಗಳೂರಿಗೇ ಹೋಯಿತು. ಹವಾಮಾನ ಸರಿಯಿಲ್ಲ ಎಂದರಂತೆ. ಆ ಹೊತ್ತಿಗೆ ಶಿವಮೊಗ್ಗ ಪೇಟೆಯಲ್ಲಿ ಹನಿ ಮಳೆ ಇರಲಿಲ್ಲ. ಅವರು ಹೇಳಿದ್ದು ನಿಜವಾ? ಇನ್ನೊಂದು ವಿಷಯ. ಸಿಂಗಪುರಕ್ಕೆ ಹೋಗಲು ಏಳು ಗಂಟೆ, ಬರಲು ಎರಡೇ ಗಂಟೆ ಎಂದು ವೇಳಾಪಟ್ಟಿ ತೋರಿಸುತ್ತದೆ. ಭೂಮಿ ತಿರುಗುವುದರಿಂದ ಹಾಗೆ ಎಂದು ಭಾವ ಹೇಳುತ್ತಾರೆ. ಯಾರನ್ನು ನಂಬುವುದು?

ಉತ್ತರ: ರಾತ್ರಿ 11ರ ಟಿಕೆಟ್ಟನ್ನೇ ಮಾಡಿಸಿ. ನಿಮ್ಮ ಅಳುಕು ಸರಿಯಾಗಿಯೇ ಇದೆ. ಹಾಗಂತ ಮಗನ ಲೆಕ್ಕವೂ ತಪ್ಪಲ್ಲ. ಅವನು ಲೆಕ್ಕ ಹಾಕಿದ್ದು ವಿಮಾನ ಹಾರುವ ದಿನಕ್ಕೆ. ನೀವು ಯೋಚಿಸುತ್ತಿರುವುದು ವಿಮಾನ ಹಾರದ ದಿನದ ಬಗ್ಗೆ. ಮೂವತ್ತು ವರ್ಷ ನಾನು ಮಾಡಿದ ಕೆಲಸ ಫ್ಲೈಟ್ ಡಿಸ್ಪ್ಯಾಚರ್‌ನದ್ದು. ಪೈಲಟ್ ಮೇಲೆ ಹೋಗುವ ಮೊದಲು ಯಾವ ದಾರಿ, ಎಷ್ಟು ಇಂಧನ, ಇಳಿಯಲು ಆಗದಿದ್ದರೆ ಎಲ್ಲಿಗೆ ಎಂದು ಕೆಳಗೆ ಕೂತು ಬರೆದುಕೊಡುವ ಕೆಲಸ. ಈಗ ನಿವೃತ್ತನಾಗಿ ಸಾಗರದಲ್ಲಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಎರಡೂ ಕಡೆಯಿಂದ ಗೊತ್ತು.

ಮೊದಲು ಆ ಮೂರು ಸಂಖ್ಯೆ. ಮೂರೂ ಸರಿ! 238 ಎಂದರೆ ಕಿಲೋಮೀಟರ್. 148 ಎಂದರೆ ನಮ್ಮ ಅಜ್ಜಂದಿರು ಹೇಳುತ್ತಿದ್ದ ಸಾದಾ ಮೈಲಿ. 129 ಎಂದರೆ ನಾಟಿಕಲ್ ಮೈಲಿ. ಹಡಗಿನವರೂ ವಿಮಾನದವರೂ ಬಳಸುವುದು ಈ ಮೂರನೆಯದನ್ನು. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಮೂರರಲ್ಲೂ ಅಳೆದಿರುವುದು ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯಿಂದ ಬೆಂಗಳೂರಿನ ನಿಲ್ದಾಣ ಇರುವ ದೇವನಹಳ್ಳಿಗೆ ನೆಟ್ಟಗೆ, ಕಾಗೆ ಹಾರಿದ ಹಾಗೆ. ರಸ್ತೆಯಲ್ಲಿ ಇದೇ ದೂರ ಮುನ್ನೂರು ಕಿಲೋಮೀಟರ್ ಮೀರುತ್ತದೆ. ಘಟ್ಟ ಅಡ್ಡ ಬಂದರೆ ಈ ಅಂತರ ಇನ್ನೂ ಜಾಸ್ತಿ. ಶಿವಮೊಗ್ಗದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೆಟ್ಟಗೆ ಅಳೆದರೆ ಸುಮಾರು 125 ಕಿ.ಮೀ. ಆಗುಂಬೆಯ ಹದಿನಾಲ್ಕು ತಿರುವು ಇಳಿದು ಹೋದರೆ ಇನ್ನೂರರ ಹತ್ತಿರ. ಕಾಗೆಗೆ ತಿರುವಿಲ್ಲ ನೋಡಿ.

ವಿಮಾನ ಕೂಡ ಕಾಗೆಯ ಹಾಗೆ ಪೂರ್ತಿ ನೆಟ್ಟಗೆ ಹೋಗುವುದಿಲ್ಲ. ಏರಲು ಒಂದು ಗೊತ್ತಾದ ದಾರಿ, ಇಳಿಯಲು ಒಂದು ದಾರಿ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಮಳೆಗಾಲದಲ್ಲಿ ಗಾಳಿ ಪಶ್ಚಿಮದ್ದು. ಶಿವಮೊಗ್ಗಕ್ಕೆ ಬರುವ ವಿಮಾನ ಆಗ ಎದ್ದ ಕೂಡಲೇ ಊರಿನ ಕಡೆಗೇ ಮುಖ ಮಾಡಿರುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ. ಆಗ ಕೋಲಾರದ ಕಡೆ ಮುಖ ಮಾಡಿ ಎದ್ದು, ಒಂದು ದೊಡ್ಡ ಬಳಸು ಬಳಸಿ ನಮ್ಮ ಕಡೆ ಬರಬೇಕು.

ಇನ್ನು ಸಮಯ. 18 ನಿಮಿಷ ಎಲ್ಲಿಂದ ಬಂತು? ಲೆಕ್ಕ ಹಾಕುವ ಯಂತ್ರ 238 ಕಿಲೋಮೀಟರನ್ನು ಗಂಟೆಗೆ 800ರ ವೇಗದಿಂದ ಭಾಗಿಸಿದೆ, ಅಷ್ಟೇ. 48 ಬರೆದವರು ಅದಕ್ಕೆ ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸಿದ್ದಾರೆ. ಎರಡನೆಯವರು ಸ್ವಲ್ಪ ಜಾಣರು. ಆದರೆ 800 ಕಿ.ಮೀ. ವೇಗ ದೊಡ್ಡ ಜೆಟ್ ವಿಮಾನದ್ದು. ನೀವು ಹತ್ತುವುದು ಬಹುಪಾಲು ಎಟಿಆರ್ ಇರುತ್ತದೆ. ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ವಿಮಾನ. ಅದರ ಪೂರ್ಣ ವೇಗವೇ ಗಂಟೆಗೆ 500ರ ಆಸುಪಾಸು. ಏರುವಾಗ ಅದಕ್ಕಿಂತ ಬಹಳ ಕಡಿಮೆ. ಹದಿನೈದು ಸಾವಿರ ಅಡಿಯ ಹತ್ತಿರ ಏರಿ ನೇರವಾಗಿ ಸ್ವಲ್ಪ ಹೊತ್ತು ಹೋಗುವುದರೊಳಗೆ ಇಳಿಯುವ ಹೊತ್ತು ಬಂದಿರುತ್ತದೆ. ಗಾಳಿಯಲ್ಲಿ ಇರುವುದು ನಲವತ್ತು, ನಲವತ್ತೈದು ನಿಮಿಷ. ಗಗನಸಖಿ ನೀರು ಕೊಟ್ಟು ಲೋಟ ವಾಪಸ್ ತಗೊಳ್ಳುವಷ್ಟರಲ್ಲಿ ಬೆಲ್ಟ್ ಹಾಕಿ ಎಂದು ಹೇಳಬೇಕಾಗುತ್ತದೆ, ಪಾಪ.

ವೇಳಾಪಟ್ಟಿಯಲ್ಲಿ ಬರೆದಿರುವುದು ಈ ಹಾರಾಟದ ಸಮಯವನ್ನಲ್ಲ. ಅಲ್ಲಿ ಬರೆದ ಸಮಯವನ್ನು ನಾವು ಬ್ಲಾಕ್ ಟೈಮ್ ಎನ್ನುತ್ತೇವೆ. ನಿಂತ ವಿಮಾನದ ಚಕ್ರ ಅಲುಗದ ಹಾಗೆ ಒಂದು ಅಡ್ಡತುಂಡು ಇಟ್ಟಿರುತ್ತಾರೆ. ಅದನ್ನು ಇಲ್ಲಿ ತೆಗೆದ ಕ್ಷಣದಿಂದ ಅಲ್ಲಿ ಮತ್ತೆ ಇಡುವ ಕ್ಷಣದವರೆಗೆ ಬ್ಲಾಕ್ ಟೈಮ್. ನಿಂತ ಜಾಗದಿಂದ ರನ್‌ವೇವರೆಗೆ ಉರುಳುತ್ತಾ ಹೋಗುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲವೂ ಇದರಲ್ಲಿ ಬಂತು. ಬೆಂಗಳೂರಿನಿಂದ ಬರುವಾಗ ಹದಿನೈದು ನಿಮಿಷ ಜಾಸ್ತಿ ಯಾಕೆ ಎಂಬುದಕ್ಕೂ ಮುಖ್ಯ ಉತ್ತರ ಇಲ್ಲೇ ಇದೆ. ಸೋಗಾನೆಯಲ್ಲಿ ಬಾಗಿಲು ಹಾಕಿದರೆ ಮುಂದೆ ಯಾವ ಸಾಲೂ ಇಲ್ಲ, ರನ್‌ವೇ ಎದುರಿಗೇ ಇದೆ. ದೇವನಹಳ್ಳಿಯಲ್ಲಿ ನಿಮ್ಮ ಮುಂದೆ ಐದಾರು ವಿಮಾನ ಇದ್ದರೆ ಕಾಯಲೇಬೇಕು. ಜೊತೆಗೆ ಕಂಪನಿಗಳು ಒಂದಿಷ್ಟು ನಿಮಿಷ ಕಿಸೆಯಲ್ಲೂ ಇಟ್ಟುಕೊಂಡಿರುತ್ತವೆ. ಹೇಳಿದ ಹೊತ್ತಿಗಿಂತ 15 ನಿಮಿಷದೊಳಗೆ ಮುಟ್ಟಿದರೆ ಸಮಯಕ್ಕೆ ಸರಿಯಾಗಿ ಬಂತು ಎಂದು ಲೆಕ್ಕ. ಅದಕ್ಕೇ ಕೆಲವೊಮ್ಮೆ ತಡವಾಗಿ ಹೊರಟ ವಿಮಾನವೂ ಸಮಯಕ್ಕೆ ಸರಿಯಾಗಿ ಬರುತ್ತದೆ. ಪೈಲಟ್ ಜೋರಾಗಿ ಓಡಿಸಿದ ಎಂದು ಜನ ಅಂದುಕೊಳ್ಳುತ್ತಾರೆ. ಅವನು ಎಂದಿನ ಹಾಗೇ ಬಂದಿರುತ್ತಾನೆ.

ಸಿಂಗಪುರದ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 3,180 ಕಿ.ಮೀ. ನಿಮ್ಮ ಮೊದಲ ಹಾರಾಟದ ಹದಿಮೂರು ಪಟ್ಟು. ಸಮಯ ಮಾತ್ರ ನಾಲ್ಕೂವರೆ ಗಂಟೆಯಷ್ಟು, ನಾಲ್ಕೂವರೆ ಪಟ್ಟು. ಸಣ್ಣ ದೂರಕ್ಕೆ ವಿಮಾನ ಸಮಯ ಉಳಿಸುವುದು ಕಮ್ಮಿ.

ಏಳು ಗಂಟೆ, ಎರಡು ಗಂಟೆಯ ಕಥೆಗೆ ಬರೋಣ. ನಿಮ್ಮ ಭಾವನವರಿಗೆ ಬೇಜಾರಾಗದ ಹಾಗೆ ಹೇಳಿ. ವೇಳಾಪಟ್ಟಿಯಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದ್ದು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ರಾತ್ರಿ 11ಕ್ಕೆ ಹೊರಟು ನಾಲ್ಕೂವರೆ ಗಂಟೆ ಹಾರಿದರೆ ನಮ್ಮಲ್ಲಿ ಬೆಳಗಿನ ಜಾವ 3.30, ಅಲ್ಲಿ 6. ಬರುವಾಗ ಅದೇ ಎರಡೂವರೆ ಗಂಟೆ ಕಳೆದುಹೋಗಿ ಎರಡೇ ಗಂಟೆಯ ಹಾಗೆ ಕಾಣುತ್ತದೆ. ಯಜಮಾನರಿಗೆ ಮಾತ್ರೆ ಇದ್ದರೆ ಗಡಿಯಾರ ನೋಡಿ ಕೊಡಬೇಡಿ, ಕಳೆದ ಗಂಟೆ ಎಣಿಸಿ ಕೊಡಿ. ಮೊದಲ ಎರಡು ದಿನ ಹೇಗೆ ಹೊಂದಿಸುವುದು ಎಂದು ಡಾಕ್ಟರನ್ನು ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಭೂಮಿ ತಿರುಗುವ ಮಾತನ್ನು ನಾನು ನೂರಾರು ಸಲ ಕೇಳಿದ್ದೇನೆ, ಓದಿದವರ ಬಾಯಲ್ಲೂ. ವಿಮಾನ ಮೇಲೆ ಸುಮ್ನೆ ನಿಂತರೆ ಕೆಳಗೆ ಊರುಗಳು ಸರಿದು ಬರುತ್ತವೆ ಎಂಬ ಕಲ್ಪನೆ. ನಮ್ಮ ಮಲೆನಾಡು ಭೂಮಿಯ ಜೊತೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಗಾಳಿಯೂ ಜೊತೆಗೇ ಓಡುತ್ತದೆ. ಓಡದಿದ್ದರೆ ಏನಾಗುತ್ತಿತ್ತು? ಕುಂದಾದ್ರಿ ಬೆಟ್ಟದ ಮೇಲೆ 1,600 ಕಿ.ಮೀ. ವೇಗದ ಗಾಳಿ ಬೀಸಬೇಕಿತ್ತು. ಬೆಟ್ಟವೂ ಉಳಿಯುತ್ತಿರಲಿಲ್ಲ, ನಿಮ್ಮ ಅಡಿಕೆ ಮರವೂ ಉಳಿಯುತ್ತಿರಲಿಲ್ಲ. ವಿಮಾನ ಇರುವುದು ಆ ಗಾಳಿಯೊಳಗೆ.

ಗಾಳಿ ಬೇರೆಯಾಗಿ ಬೀಸಿದರೆ ಮಾತ್ರ ವ್ಯತ್ಯಾಸ. ಜುಲೈನಲ್ಲಿ ಇದೊಂದು ಚಂದದ ಆಟ. ಕೆಳಗೆ ಪಶ್ಚಿಮದ ಗಾಳಿ ಮಳೆ ಹೊತ್ತು ಬರುತ್ತಿರುತ್ತದೆ. ಜೆಟ್ ವಿಮಾನ ಹಾರುವಷ್ಟು ಎತ್ತರಕ್ಕೆ ಹೋದರೆ ಅದು ತಿರುಗಿ ಪೂರ್ವದಿಂದ ಬೀಸುತ್ತಿರುತ್ತದೆ. ಹಾಗಾಗಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗುವಾಗ ಮುಖಕ್ಕೆ. ಮೊದಲನೆಯದರಲ್ಲಿ ಸಿಗುವುದು ಎರಡು ಮೂರು ನಿಮಿಷ. ಎರಡನೆಯದರಲ್ಲಿ ಕೆಲವು ದಿನ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಹೋಗಬಹುದು.

ಇನ್ನು ವಾಪಸ್ ಹೋದ ವಿಮಾನ. ಹನಿ ಮಳೆ ಇಲ್ಲದ ದಿನವೂ ಹವಾಮಾನ ಸರಿಯಿಲ್ಲ ಎಂಬ ಮಾತು ನಿಜ ಇರಬಹುದು. ವಿಮಾನಕ್ಕೆ ಮಳೆ ದೊಡ್ಡ ಶತ್ರು ಅಲ್ಲ. ಎಷ್ಟೋ ಸಲ ಧೋ ಎನ್ನುವ ಮಳೆಯಲ್ಲೂ ಇಳಿಸುತ್ತಾರೆ. ಪೈಲಟ್ ಕೇಳುವುದು ಎರಡು ವಿಷಯ. ಮೋಡದ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ? ಎದುರಿಗೆ ಎಷ್ಟು ದೂರ ಕಾಣುತ್ತದೆ? ಪುನರ್ವಸು, ಪುಷ್ಯ ಮಳೆಯ ದಿನ ನಿಮ್ಮ ಅಂಗಳದಲ್ಲಿ ನಿಂತು ಎದುರಿನ ಗುಡ್ಡ ನೋಡಿ. ಮಳೆ ನಿಂತಿದ್ದರೂ ಗುಡ್ಡದ ತಲೆ ಮೋಡದಲ್ಲಿ ಹುದುಗಿರುತ್ತದೆ, ಅಲ್ವಾ? ಪೇಟೆಯ ಅಂಗಡಿ ಮುಂದೆ ನಿಂತವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮೇಲಿಂದ ಬರುವವನಿಗೆ ಅದೇ ಗೋಡೆ.

ಇಳಿಯಲು ಎರಡು ಬಗೆಯ ನಿಯಮ ಇದೆ. ಒಂದು ಕಣ್ಣಿನಿಂದ ನೋಡಿ ಇಳಿಯುವುದು. ಅದಕ್ಕೆ ಐದು ಕಿಲೋಮೀಟರ್ ದೂರ ಕಾಣಬೇಕು, ಮೋಡದ ತಳ 1,500 ಅಡಿಗಿಂತ ಮೇಲಿರಬೇಕು. ಇನ್ನೊಂದು ಉಪಕರಣ ಹೇಳಿದ ಹಾಗೆ ಇಳಿಯುವುದು. ರನ್‌ವೇ ಪಕ್ಕದ ಯಂತ್ರ ರೇಡಿಯೋ ತರಂಗ ಕಳಿಸುತ್ತದೆ, ಪೈಲಟ್ ಆ ಜಾಡು ಹಿಡಿದು ಬರುತ್ತಾನೆ. ಅದರ ಮೊದಲ ದರ್ಜೆಯಲ್ಲೇ 550 ಮೀಟರ್ ಕಂಡರೆ ಸಾಕು, 200 ಅಡಿಯವರೆಗೆ ಇಳಿದು ಬಂದು ನೋಡಬಹುದು. 5,000 ಮೀಟರ್ ಎಲ್ಲಿ, 550 ಎಲ್ಲಿ! ಬೆಂಗಳೂರಿನ ಒಂದು ರನ್‌ವೇಗೆ ಅದಕ್ಕೂ ಮೇಲಿನ ದರ್ಜೆಯ ವ್ಯವಸ್ಥೆ ಇದೆ, ಡಿಸೆಂಬರ್ ಜನವರಿಯ ಮಂಜಿಗಾಗಿ. ನಮ್ಮ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಪ್ರಯಾಣಿಕರ ವಿಮಾನ ಶುರುವಾದದ್ದು ಅದೇ ವರ್ಷ ಆಗಸ್ಟ್ 31ರಂದು. ಶುರುವಿನಲ್ಲಿ ಇಲ್ಲಿ ನಡೆದದ್ದು ಹಗಲು ಹೊತ್ತಿನ, ಕಣ್ಣಿನ ನಿಯಮದ ಹಾರಾಟವೇ. ಮಲೆನಾಡಿನ ಸೆರಗಿನಲ್ಲಿ ಆ ನಿಯಮ ಇಟ್ಟುಕೊಂಡು ಮಳೆಗಾಲ ಕಳೆಯುವುದು ಎಷ್ಟು ಕಷ್ಟ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೂರು ಕಿಲೋಮೀಟರ್‌ಗೂ ಉದ್ದದ ರನ್‌ವೇ ಇದೆ, ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಇದೇ ಉದ್ದ, ಆದರೂ ಇಳಿಯಲಿಲ್ಲವಾ ಎಂದು ಹಲವರು ನನ್ನನ್ನು ಕೇಳುತ್ತಾರೆ. ಉದ್ದ ಇರುವುದು ದೊಡ್ಡ ವಿಮಾನ ಬರಲಿ ಎಂದು. ಎಟಿಆರ್‌ಗೆ ಅದರ ಅರ್ಧ ಸಾಕು. ರನ್‌ವೇ ಎಷ್ಟೇ ಉದ್ದವಿದ್ದರೂ ಮೊದಲು ಕಣ್ಣಿಗೆ ಬೀಳಬೇಕಲ್ಲ.

ಸ್ವಲ್ಪ ಹೊತ್ತು ಸುತ್ತಿ ಕಾಯಬಹುದಿತ್ತಲ್ಲ ಎಂದರೆ, ಕಾದಿದ್ದಾರೆ. ಭಾವ ಕಂಡ ಸುತ್ತು ಅದೇ. ಎಷ್ಟು ಹೊತ್ತು ಕಾಯಬಹುದು ಎಂದು ನಮ್ಮಂಥವರು ಮೊದಲೇ ಬರೆದುಕೊಟ್ಟಿರುತ್ತೇವೆ. ಇಲ್ಲಿ ಆಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು ಇಂಧನ ಇರಬೇಕು. ಅಲ್ಲಿ ತಲುಪಿದ ಮೇಲೂ ಅರ್ಧ ಗಂಟೆ ಹಾರುವಷ್ಟು ಮಿಕ್ಕಬೇಕು. ಆ ಗೆರೆ ಮುಟ್ಟಿದರೆ ಮಾತಿಲ್ಲ, ತಿರುಗಿಸಬೇಕು. ಐದು ನಿಮಿಷ ಬಿಟ್ಟು ಮೋಡ ಸರಿದು ಬಿಸಿಲು ಬಿದ್ದರೂ ಸರಿ. ನಾನು ಕಚೇರಿಯಲ್ಲಿ ಕೂತು ಅಂಥ ದಿನಗಳನ್ನು ನೋಡಿದ್ದೇನೆ. ವಿಮಾನ ತಿರುಗಿದ ಹತ್ತು ನಿಮಿಷಕ್ಕೆ ಆಕಾಶ ತೊಳೆದಿಟ್ಟ ಹಾಗೆ ಆಗುತ್ತದೆ. ಪ್ರಯಾಣಿಕರ ಬೈಗುಳ ಬರುತ್ತದೆ. ಮರುದಿನವೂ ಅದೇ ಗೆರೆಯನ್ನೇ ಹಾಕಿಕೊಡುತ್ತಿದ್ದೆ.

ಈಗ ನಿಮ್ಮ ಟಿಕೆಟ್. ಒಳ್ಳೆಯ ದಿನ ಮಗನ ಲೆಕ್ಕ ನಡೆಯುತ್ತದೆ. 12.25ಕ್ಕೆ ಇಳಿದು, ಬ್ಯಾಗ್ ತೆಗೆದುಕೊಂಡು, ವಿದೇಶಿ ವಿಮಾನಗಳ ಎರಡನೇ ಟರ್ಮಿನಲ್‌ಗೆ ಹೋಗುವಷ್ಟರಲ್ಲಿ ಒಂದೂಕಾಲು. ನೀವು ಇಳಿಯುವುದು ಮೊದಲನೇ ಟರ್ಮಿನಲ್‌ನಲ್ಲಾದರೆ ಮಧ್ಯೆ ಶಟಲ್ ಬಸ್ಸಿನ ಓಡಾಟ. ಸಿಂಗಪುರದ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು, ಅಂದರೆ 3ಕ್ಕೆ ಮುಚ್ಚುತ್ತದೆ. ಮುಟ್ಟಬಹುದು. ಮಾರ್ಚ್ ತಿಂಗಳಲ್ಲಿ ಕೇಳಿದ್ದರೆ ನಾನೂ ಹೂಂ ಎನ್ನುತ್ತಿದ್ದೆನೇನೋ. ಜುಲೈಗೆ ಬೇಡ.

ಮಳೆಗಾಲದಲ್ಲಿ ಮಲೆನಾಡಿನಿಂದ ಹೊರಡುವವರಿಗೆ ನನ್ನ ಲೆಕ್ಕ ಒಂದೇ. ಎರಡು ವಿಮಾನಗಳ ನಡುವಿನ ಬಿಡುವನ್ನು ಹಾರಾಟದ ಸಮಯ ನೋಡಿ ಇಡಬೇಡಿ, ರಸ್ತೆಯ ಸಮಯ ನೋಡಿ ಇಡಿ. ನಿಮ್ಮನ್ನು ಒಯ್ಯಬೇಕಾದ ವಿಮಾನ ಬೆಂಗಳೂರಿನಿಂದ ಬರಬೇಕು. ಅದು 11ರ ಹೊತ್ತಿಗೆ ಬಂದು, ಸುತ್ತಿ, ತಿರುಗಿ ಹೋಯಿತು ಎನ್ನಿ. ರದ್ದಾಯಿತು ಎಂದು ಹೇಳುವಷ್ಟರಲ್ಲಿ ಹನ್ನೆರಡೂವರೆ. ಆಗ ಕಾರು ಹತ್ತಿದರೆ ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿಯಲ್ಲಿ ದೇವನಹಳ್ಳಿಗೆ ಆರೂವರೆ ಏಳು ಗಂಟೆ. ಬೆಂಗಳೂರು ಪೇಟೆಯೊಳಗೆ ಹೋಗುವ ಗೋಜಿಲ್ಲ. ಸಂಜೆ ಏಳೂವರೆಗೆ ಮುಟ್ಟುತ್ತೀರಿ. ರಾತ್ರಿ 11ರ ವಿಮಾನಕ್ಕೆ ಇನ್ನೂ ಸಮಯ ಇದೆ. 4 ಗಂಟೆಯದ್ದಾಗಿದ್ದರೆ ನೀವು ತಿಪಟೂರಿನ ಆಚೀಚೆ ಇರುವಾಗ ಅದು ಹಾರಿ ಹೋಗಿರುತ್ತದೆ.

ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಸಿಕ್ಕರೆ ಅದು ಇನ್ನೊಂದು ದಾರಿ. ಮೊದಲನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದ್ದು. ಮರುದಿನ ಹತ್ತಿಸಬಹುದು, ಆದರೆ ದುಡ್ಡು ಮುಳುಗುವುದಿಲ್ಲ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಸಿಂಗಪುರದ ಕಂಪನಿಗೆ ಶಿವಮೊಗ್ಗದ ಮೋಡ ಸಂಬಂಧವಿಲ್ಲ. ನೀವು ಬರಲಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಅಗ್ಗ ಎಂದು ಬಿಡಿಬಿಡಿಯಾಗಿ ಮಾಡಿಸುವವರು ಸೋಲುವುದು ಇಲ್ಲಿ. ತೂಕದಲ್ಲೂ ಹಾಗೇ. ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆಜಿ. ಸಿಂಗಪುರದ ಟಿಕೆಟ್ ಜಾಸ್ತಿ ಕೊಟ್ಟಿದ್ದರೂ ಬಿಡಿ ಟಿಕೆಟ್ ಆದರೆ ಸೋಗಾನೆಯಲ್ಲಿ 15ರ ಲೆಕ್ಕವೇ. ಬಾಣಂತಿಗೆ ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಹೊರಟಿರುತ್ತದೆ ಎಂದು ಗೊತ್ತು. ಅವು ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ತೆಗೆಸುತ್ತಾರೆ. ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ ದೊಡ್ಡ ಬ್ಯಾಗ್‌ಗೆ ಸೇರಿಸಿ.

ಪರಿಹಾರದ ಆಸೆ ಇಟ್ಟುಕೊಳ್ಳಬೇಡಿ. ಕಂಪನಿಯ ತಪ್ಪಿನಿಂದ ಸರಿಯಾದ ಮುನ್ಸೂಚನೆ ಇಲ್ಲದೆ ರದ್ದಾದರೆ ನಿಯಮ ಇದೆ. ಬ್ಲಾಕ್ ಟೈಮ್ ಒಂದು ಗಂಟೆಯೊಳಗಿದ್ದರೆ 5,000 ರೂಪಾಯಿವರೆಗೆ, ಎರಡು ಗಂಟೆಯೊಳಗಿದ್ದರೆ 7,500ರವರೆಗೆ. ನೋಡಿ, ಆ ಹದಿನೈದು ನಿಮಿಷಕ್ಕೆ ಇಲ್ಲೊಂದು ಬೆಲೆ ಬಂತು. ಆದರೆ ಹವಾಮಾನದಿಂದ ರದ್ದಾದರೆ ಈ ಪರಿಹಾರ ಇಲ್ಲ. ಟಿಕೆಟ್ ಹಣ ಅಥವಾ ಬೇರೆ ವಿಮಾನ ಮಾತ್ರ ಕೇಳಬಹುದು.

ಯಜಮಾನರಿಗೆ ಏಳು ಗಂಟೆ ಕಾರಿನಲ್ಲಿ ಕೂರುವುದೇ ಕಷ್ಟ ಎಂದಾದರೆ ಹಿಂದಿನ ದಿನವೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ನೆಂಟರ ಮನೆಯಲ್ಲಿ ಮಲಗಿ. ಶತಾಬ್ದಿ ಎಂದು ನಾವೆಲ್ಲ ಕರೆಯುವ ಜನಶತಾಬ್ದಿಗೆ ಐದು ಗಂಟೆಯೊಳಗಿನ ದಾರಿ. ಕಾಲು ಚಾಚಬಹುದು, ಎದ್ದು ಓಡಾಡಬಹುದು. ನನ್ನ ಅಕ್ಕನೇ ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ. ಆದರೆ ನಿಮಗೆ ನಮ್ಮೂರ ವಿಮಾನ ಹತ್ತುವ ಆಸೆ ಇದೆ. ಅದೂ ತಪ್ಪಲ್ಲ. ಬೇಕಾದರೆ ವಾಪಸ್ ಬರುವಾಗ ಹತ್ತಿ. ಆಗ ತಡವಾದರೂ ಕಾಯುವುದು ಮನೆಯ ದನ ಮಾತ್ರ.

ಹೋಗುವಾಗಲೇ ಹತ್ತುವುದಾದರೆ ತೀರ್ಥಹಳ್ಳಿಯಿಂದ ಏಳೂವರೆಗೆ ಹೊರಡಿ. ಮಂಡಗದ್ದೆ, ಗಾಜನೂರು ದಾಟಿ, ಪೇಟೆ ಕಳೆದು ಸೋಗಾನೆಗೆ ಒಂಬತ್ತೂವರೆಯೊಳಗೆ ಸೇರುತ್ತೀರಿ. ಬೆಂಗಳೂರಿನಿಂದ ಬರುವ ವಿಮಾನ ಎದ್ದಿದೆಯೇ ಎಂದು ಮಗ ಫೋನಿನಲ್ಲಿ ನೋಡುತ್ತಿರಲಿ. ನಿಮ್ಮನ್ನು ಬಿಡಲು ಬಂದ ಕಾರಿನವನಿಗೆ ಕಾಯುವ ದುಡ್ಡು ಕೊಟ್ಟು ಹೇಳಿಡಿ: ನಮ್ಮ ವಿಮಾನ ನೆಲ ಬಿಟ್ಟಿದ್ದು ಕಣ್ಣಾರೆ ಕಂಡ ಮೇಲೇ ನೀನು ಹೊರಡಬೇಕು.